ಮಂಗಳವಾರದ ಪಾತ್ರ ಮಾಡಿದ ಚೆನ್ನಾಜಿ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಕೇಳಬೇಡಿ, ಕೇಳಿದರೆ ಅದು ಎದ್ದು ಬಂದುಬಿಡುತ್ತೆ, ಚೆನ್ನಾಜಿ ಅಂತ ಒಬ್ಬ ಹುಡುಗಿ ಇದ್ದಳು. ಮಂಡಕ್ಕಿ ಮಾರುವವಳ ಮಗಳು. ನಾಟಕದಲ್ಲಿ ಪಾತ್ರ ಮಾಡಬೇಕು ಅನ್ನೋದು ಅವಳ ಆಸೆ.

ಆ ಊರಿನ ರಾಜನಿಗೆ ನಾಟಕದ ಹುಚ್ಚು. ಯುದ್ಧ ಬಂದರೂ "ತಾಲೀಮು ಮುಗೀಲಿ, ಆಮೇಲೆ ಬರೋಕೆ ಹೇಳಿ" ಅನ್ನುತ್ತಿದ್ದ. ಚೆನ್ನಾಜಿ ಅವನ ಮುಂದೆ ಹೋಗಿ ನಿಂತಳು.

"ಮಹಾಸ್ವಾಮಿ, ನನಗೊಂದು ಪಾತ್ರ ಕೊಡಿ."

"ಮೊದಲು ಏನೇನು ಪಾತ್ರ ಮಾಡಿದ್ದೀ?"

"ಇದೇ ಮೊದಲು."

"ಮೊದಲೇ ಮಾಡಿದವರಿಗೆ ಮಾತ್ರ ಮೊದಲ ಪಾತ್ರ," ಅಂದ ರಾಜ. ಖಾಲಿ ಹಾಳೆಯೊಂದನ್ನು ಕೊಟ್ಟ. "ಮಾಡಿದ್ದನ್ನೆಲ್ಲ ಇದರಲ್ಲಿ ಬರೆದು ತಾ."

ಚೆನ್ನಾಜಿ ಹೊಲದ ಬದುವಿನ ಮೇಲೆ ಕೂತು 'ರಾಣಿಯ ಪಾತ್ರ' ಅಂತ ಬರೆದಳು. ಹಾಳೆ "ಆಕ್ಷೀ!" ಅಂತ ಸೀನಿತು. ಅಕ್ಷರಗಳೆಲ್ಲ ಹಾರಿ ಬೇಲಿಗೆ ಸಿಕ್ಕಿಕೊಂಡವು.

"ಸುಳ್ಳು ಬರೆದರೆ ನನಗೆ ನೆಗಡಿ," ಅಂತು ಹಾಳೆ. "ಮಾಡಿ ಬರಿ."

"ಮಾಡೋಕೆ ಪಾತ್ರ ಯಾರು ಕೊಡ್ತಾರೆ?"

"ನಾನು ಕೊಡ್ತೀನಿ," ಅಂತು ಹೊಲದ ಬೆದರುಬೊಂಬೆ. "ತಂಗಿ ಮದುವೆಗೆ ಹೋಗಬೇಕು. ಬರೋವರೆಗೂ ನಾನಾಗಿ ನಿಲ್ತೀಯಾ?"

ನಿಂತಳು. ಬಿಸಿಲಿಗೆ ನಿಂತಳು, ಗಾಳಿಗೆ ನಿಂತಳು, ಮೂಗು ತುರಿಸಿದರೂ ನಿಂತಳು. ಕಾಗೆಗಳು ಎಷ್ಟು ಹೆದರಿದವು ಅಂದರೆ, ಹೋದ ವರ್ಷ ತಿಂದ ಜೋಳವನ್ನೂ ತಂದಿಟ್ಟು ಹೋದವು. ಚೆನ್ನಾಜಿ 'ಬೆದರುಬೊಂಬೆ' ಅಂತ ಬರೆದಳು. ಹಾಳೆ ಸೀನಲಿಲ್ಲ.

ಸುದ್ದಿ ಬಾವಿಗೆ ಮುಟ್ಟಿತು. "ನಿಂತೂ ನಿಂತೂ ನನಗೆ ಸೊಂಟ ನೋವು. ಸ್ವಲ್ಪ ಅಡ್ಡಾಗ್ತೀನಿ, ನೀನು ಬಾವಿಯಾಗು," ಅಂತು. ಬಾವಿ ಪಕ್ಕದಲ್ಲಿ ಅಡ್ಡ ಮಲಗಿತು. ಚೆನ್ನಾಜಿ ಬಾಯಿ ತೆರೆದು ಕೂತಳು. ಹೆಂಗಸರು ಕೊಡ ಇಳಿಸಿದರು. ಅವಳು "ಬುಳುಕ್" ಅಂದಳು. ಕೊಡ ತುಂಬಿ ಬಂತು! "ಇವತ್ತು ನೀರು ಸಿಹಿಯಾಗಿದೆ ಕಣೇ," ಅಂದುಕೊಂಡು ಹೋದರು.

ಆಮೇಲೆ ಮಂಗಳವಾರಕ್ಕೆ ಜ್ವರ ಬಂತು. "ಸೋಮವಾರ ಮುಗೀತಾ ಬಂತು, ನನಗೆ ಏಳೋಕೇ ಆಗ್ತಿಲ್ಲ. ನನ್ನವ್ವ, ನೀನೇ ಹೋಗು," ಅಂತ ನರಳಿತು.

ಚೆನ್ನಾಜಿ ಮುಖಕ್ಕೆ ಅರಿಶಿನ ಬಳಿದುಕೊಂಡು ಬೀದಿ ಬೀದಿ ನಡೆದಳು. ಕ್ಷೌರದಂಗಡಿಗಳು ತಾವಾಗಿಯೇ ಬಾಗಿಲು ಹಾಕಿಕೊಂಡವು. ಯಾರಿಗೂ ಅನುಮಾನ ಬರಲಿಲ್ಲ. ಬುಧವಾರ ಕೂಡ ಅವಳ ಹಿಂದೆಯೇ ಬಂದು, "ಅಕ್ಕಾ, ಇನ್ನು ನಾನು ನೋಡ್ಕೋತೀನಿ," ಅಂತು.

ಚೆನ್ನಾಜಿ ಬಾವಿಯನ್ನೂ ಮಂಗಳವಾರವನ್ನೂ ಬರೆದಳು. ಈಗ ಹಾಳೆಗೆ ಜಂಭ ಬಂತು. ಅರಮನೆಗೆ ಅದೇ ಮುಂದೆ ಮುಂದೆ ನಡೆಯಿತು.

ರಾಜ ಓದಿದ. "ಬೆದರುಬೊಂಬೆ, ಬಾವಿ, ಮಂಗಳವಾರ. ರಾಣಿ ಇಲ್ಲ, ರಾಜಕುಮಾರಿ ಇಲ್ಲ. ಇಷ್ಟೇನಾ?"

ಚೆನ್ನಾಜಿ ತಲೆ ತಗ್ಗಿಸಲಿಲ್ಲ. "ಇಷ್ಟೇ, ಮಹಾಸ್ವಾಮಿ. ಆದರೆ ಇಷ್ಟನ್ನೂ ಪೂರ್ತಿ ಮಾಡಿದ್ದೀನಿ. ನಡುವೆ ಎದ್ದು ಹೋಗಿಲ್ಲ."

ರಾಜ ಯೋಚಿಸಿದ. ಅವನ ನಾಟಕದ ರಾಣಿಯರು ಊಟದ ಗಂಟೆ ಹೊಡೆದರೆ ಸಾಯೋ ದೃಶ್ಯದಲ್ಲೂ ಎದ್ದು ಹೋಗುತ್ತಿದ್ದರು.

"ಕೊನೇ ಸೈನಿಕನ ಪಾತ್ರ ಇದೆ. ಸೇನಾಪತಿ ಕೂಗಿದಾಗ 'ಬಂದೆ' ಅನ್ನಬೇಕು. ಅಷ್ಟೇ ಮಾತು."

"ಮಾಡ್ತೀನಿ."

ನಾಟಕದ ದಿನ ಸೇನಾಪತಿ ಕೂಗಿದ. ಚೆನ್ನಾಜಿ "ಬಂದೆ!" ಅಂದಳು. ಎಂಥಾ 'ಬಂದೆ' ಅಂತೀರಿ! ಕಳೆದುಹೋಗಿದ್ದ ಎಮ್ಮೆ ಬಂತು. ದಾರಿ ತಪ್ಪಿದ ಬೀಗರು ಬಂದರು. ಓಡಿಹೋಗಿದ್ದ ಕಳ್ಳ ಕದ್ದ ಹಂಡೆ ಹೊತ್ತು ಬಂದ. ಸೇನಾಪತಿಯಂತೂ, ಕರೆದವನು ತಾನೇ ಅನ್ನೋದನ್ನ ಮರೆತು "ನಾನೂ ಬಂದೆ" ಅಂದ.

ಮುಂದಿನ ಸಾಲಿನಲ್ಲಿ ಅವಳ ಅವ್ವ ಎದ್ದು ನಿಂತುಬಿಟ್ಟಳು.

"ಕೂತ್ಕೊಳ್ಳವ್ವಾ, ಹಿಂದಿನವರಿಗೆ ನಾಟಕ ಕಾಣಲ್ಲ!" ಅಂತ ಜನ ಕೂಗಿದರು.

"ಕಾಣೋದೇನಿದೆ?" ಅಂದಳು ಅವ್ವ. "'ಬಂದೆ' ಅಂದವಳು ನನ್ನ ಮಗಳು. ಮಿಕ್ಕಿದ್ದು ಬರೀ ನಾಟಕ."

ಕತೆಗೊಂದು ನೀತಿಯೂ ಇತ್ತು. ಎಮ್ಮೆ ತಿಂದುಬಿಡ್ತು. ಏಳಿ, ಊಟಕ್ಕೇಳಿ.