ಸಾಹೇಬರ ಕುರ್ಚಿ ಮತ್ತು ಬೀಗವಿಲ್ಲದ ಫೋನು

ಮೈಸೂರಿನ ಒಂದು ಅಗರಬತ್ತಿ ಕಂಪನಿಯಲ್ಲಿ ಮ್ಯಾನೇಜರ್ ಶ್ರೀಕಂಠಪ್ಪನವರ ನಂಬರಿನಿಂದ ಅಪ್ಪಣೆ ಬಂತೆಂದರೆ ಮುಗಿಯಿತು; ಯಾರು, ಯಾಕೆ ಅಂತ ಕೇಳುವಂತಿಲ್ಲ. ಒಂದು ದಿನ ಅವರು ಟೆಲಿಫೋನ್ ಆಪರೇಟರಮ್ಮನನ್ನು ಕರೆದು ಗುಡುಗಿದರು: "ಆಫೀಸಿನ ಫೋನು ಮನೆಯಿಂದಲೂ ನಡೀಬೇಕು. ಪಾಸ್‌ವರ್ಡು ಗೀಸ್‌ವರ್ಡು ಬೇಡ. ನೀನ್ಯಾರು ಅಂತ ನನ್ನ ಫೋನೇ ನನ್ನನ್ನ ಕೇಳೋದೇ?"

"ಬೀಗ ಇಲ್ಲದಿದ್ರೆ ಯಾರು ಬೇಕಾದ್ರೂ ಒಳಗೆ ಬರ್ತಾರೆ ಸಾರ್."

"ಯಾರಿಗಮ್ಮ ಅಷ್ಟು ಧೈರ್ಯ?"

ಆಕೆ ನಗು ನುಂಗಿಕೊಂಡು, "ಆಗಲಿ ಸಾರ್, ಒಂದು ದಿನ ನೋಡೋಣ," ಎಂದು ಪಾಸ್‌ವರ್ಡು ತೆಗೆದುಬಿಟ್ಟಳು. ಮರುದಿನ ರಜೆ ಹಾಕಿದಳು.

ಮಧ್ಯಾಹ್ನ ಜವಾನ ಕಾಳಯ್ಯ ಸಾಹೇಬರ ಕೋಣೆಗೆ ಬಂದ. "ಏಳಿ ಸಾರ್, ಕುರ್ಚಿ ಗೋಡೌನಿಗೆ ಹಾಕಬೇಕು."

"ಯಾರಯ್ಯಾ ಹೇಳಿದ್ದು?"

"ನಂಬರು ನಿಮ್ಮದೇ ಸಾರ್. ಯಾರು ಅಂತ ಕೇಳೋ ಪದ್ಧತಿ ನಮ್ಮಲ್ಲಿ ಎಲ್ಲಿದೆ?" ಎಂದವನೇ ಕುರ್ಚಿ ಹೊತ್ತುಕೊಂಡು ಹೋದ.

ಅಷ್ಟರಲ್ಲಿ ಸಾಹೇಬರ ಮೊಬೈಲಿಗೆ ಅವರದೇ ಆಫೀಸ್ ನಂಬರಿನಿಂದ ಕರೆ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ನಾನು ಸಾರ್, ಆಪರೇಟರು, ನಮ್ಮ ಮನೆ ಅಡುಗೆಮನೆಯಿಂದ. ಬೀಗ ಇಲ್ಲದ ನಿಮ್ಮ ನಂಬರಿಂದ ಕಾಳಯ್ಯನಿಗೆ ಅಪ್ಪಣೆ ಕೊಟ್ಟಿದ್ದೂ ನಾನೇ. ಬೀಗ ಹಾಕಿಬಿಡಲೇ?"

ಸಾಹೇಬರು ಬೆವತರು, ಆಮೇಲೆ ನಕ್ಕರು. "ಹಾಕು ತಾಯಿ! ನಿನ್ನ ಕೈಗೆ ಸಿಕ್ಕಿದ್ದಕ್ಕೆ ಬರೀ ಕುರ್ಚಿ ಹೋಯ್ತು. ಕಳ್ಳರ ಕೈಗೆ ಸಿಕ್ಕಿದ್ರೆ ಕಂಪನಿಯೇ ಹೋಗ್ತಿತ್ತು. ಈ ಉಪಕಾರ ಮರೆಯಲ್ಲಮ್ಮ."

ಮರೆತೂ ಇಲ್ಲ. ಈಗಲೂ ಮನೆಯಲ್ಲಿ ಪಾಸ್‌ವರ್ಡ್ ಒತ್ತುವಾಗ, ಇನ್ನೊಂದು ಕೈಯಲ್ಲಿ ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರಂತೆ.