ಐದು ಸೆಕೆಂಡಿನ ಗಡುವು

ಅಂಧ ಮಕ್ಕಳಿಗಾಗಿ ಪಠ್ಯಪುಸ್ತಕ ಅಚ್ಚುಹಾಕುವ ಬ್ರೈಲ್ ಮುದ್ರಣಾಲಯವೊಂದರಲ್ಲಿ ಶಕುಂತಲಾ ಹೂಗಾರ ಕೆಲಸಕ್ಕಿದ್ದಳು. ಅವಳು ಪಾಠ ಟೈಪಿಸುತ್ತಿದ್ದ ‘ಎಡಿಟರ್’ ಎಂಬ ತಂತ್ರಾಂಶ ಹೇಳಿದ ಮಾತು ಕೇಳುವಂಥದ್ದು; ಪ್ರೋಗ್ರಾಮ್ ಬರೆದು ಅದಕ್ಕೆ ಹೊಸ ಕೆಲಸ ಕಲಿಸಬಹುದಿತ್ತು. ಅವಳು ಒಂದು ಕೀಲಿ ಒತ್ತಿದರೆ ಸಾಕು, ಎಡಿಟರ್ ಪಾಠವನ್ನು ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸುತ್ತಿತ್ತು. ಆ ಪ್ರೋಗ್ರಾಮು ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿಸಿ ಸಾಲು ಸಾಲಾಗಿ ಹಿಂತಿರುಗಿಸುತ್ತಿತ್ತು. ಅಲ್ಲಿಯವರೆಗೆ ಎಡಿಟರ್ ಕಾದಿದ್ದು, ಆಮೇಲೆ ಅಚ್ಚಿಗೆ ಕಳಿಸುತ್ತಿತ್ತು.

ಒಂದು ದಿನ ಆ ಪ್ರೋಗ್ರಾಮು ಎಲ್ಲೋ ಸಿಕ್ಕಿಹಾಕಿಕೊಂಡಿತು. ಎಡಿಟರ್ ಪಾಪ, ಕಾಯುತ್ತಲೇ ಕುಳಿತಿತು. ಕರ್ಸರ್ ಅಲುಗಲಿಲ್ಲ. ಕೊನೆಗೆ ಕಂಪ್ಯೂಟರನ್ನೇ ಆರಿಸಬೇಕಾಯಿತು. ಬೆಳಗಿನಿಂದ ಟೈಪಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಶಕುಂತಲಾಳ ಪಿತ್ತ ನೆತ್ತಿಗೇರಿತು. “ಇನ್ನ ಮ್ಯಾಲೆ ಐದೇ ಸೆಕೆಂಡು. ಅಷ್ಟರಾಗ ಬಂದಷ್ಟು ತಗೊಂಡು ಮುಂದ ನಡಿ!” ಎಂದು ಎಡಿಟರಿಗೆ ಗಡುವು ಹಾಕಿದಳು. ಅದು ಮತ್ತೆಂದೂ ನಿಲ್ಲಲಿಲ್ಲ. ಅವಳಿಗೆ ಖುಷಿಯೋ ಖುಷಿ.

ಎರಡು ತಿಂಗಳ ರಜೆ ಮುಗಿಸಿ ಇಮಾಮಸಾಬ ಮಾಸ್ತರು ಕೆಲಸಕ್ಕೆ ಬಂದರು. ಕರಡು ತಿದ್ದುವವರು ಅವರೊಬ್ಬರೇ; ಅವರಿಲ್ಲದಾಗ ಪುಸ್ತಕಗಳು ಯಾರೂ ಓದಿನೋಡದೆ ಹಾಗೇ ಹೊರಹೋಗಿದ್ದವು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ, ಬೆರಳಿನಿಂದ ಓದುತ್ತಿದ್ದರು. ಹೊಸ ವಿಜ್ಞಾನ ಪುಸ್ತಕದ ಒಂದು ಪುಟದ ಮೇಲೆ ಅವರ ಬೆರಳು ನಿಂತುಬಿಟ್ಟಿತು.

“ಶಕುಂತಲಾ, ‘ಹಾವು ಕಚ್ಚಿದ ಕೂಡಲೇ ಮಾಡಬೇಕಾದದ್ದೇನೆಂದರೆ’ ಅಂತ ಐತಿ. ಮುಂದ ಏನೂ ಇಲ್ಲಲ್ಲ?”

ಅವಳು ಆ ಪಾಠವನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಅದು ಉದ್ದದ ಪಾಠ. ಐದು ಸೆಕೆಂಡಿಗೆ ಬಂದಷ್ಟನ್ನೇ ಎಡಿಟರ್ ಅಚ್ಚಿಗೆ ಕಳಿಸಿತ್ತು.

“ಒಂದು ನಿಮಿಷ ಗಡುವು ಕೊಡ್ತೀನ್ರಿ, ಮಾಸ್ತರ.”

“ಅದಕ್ಕೂ ಉದ್ದದ ಪಾಠ ಬಂದ್ರ? ಕೆಲಸ ಮುಗೀತು ಅಂತ ಆ ಬ್ರೈಲ್ ಪ್ರೋಗ್ರಾಮು ಹೇಳೂದಿಲ್ಲೇನು?”

“ಹೇಳ್ತದ್ರಿ. ನಾನೇ ಅಲ್ಲೀತನಕ ನಿಲ್ಲಲಿಲ್ಲ.”

ಅವಳು ಪಟ್ಟುಹಿಡಿದು ಕುಳಿತು ಎಡಿಟರಿಗೆ ಹೊಸ ನಿಯಮ ಕಲಿಸಿದಳು. ಐದು ಸೆಕೆಂಡು ಕಾಯಬೇಕು. ಒಂದು ಸಾಲು ಬಂದರೂ ಮತ್ತೆ ಒಂದರಿಂದ ಎಣಿಸಬೇಕು. ಆ ಪ್ರೋಗ್ರಾಮು ‘ಮುಗಿಯಿತು’ ಎನ್ನುವವರೆಗೆ ಹೀಗೇ. ನಡುವೆ ಐದು ಸೆಕೆಂಡು ಪೂರ್ತಿ ಸುಮ್ಮನಾದರೆ ಕೆಲಸ ನಿಲ್ಲಿಸಬೇಕು, ಅಚ್ಚಿಗೆ ಕಳಿಸಕೂಡದು, ಪಾಠ ಅರ್ಧವಾಗಿದೆ ಎಂದು ತಿಳಿಸಬೇಕು. ಹಾವಿನ ಪಾಠಕ್ಕೆ ನಲವತ್ತು ಸೆಕೆಂಡು ಹಿಡಿಯಿತು. ಪೂರ್ತಿ ಬಂತು.

“ಈ ಎರಡು ತಿಂಗಳಾಗ ಹ್ವಾದ ಪುಸ್ತಕ?” ಎಂದರು ಮಾಸ್ತರು.

ಐದು ಪುಸ್ತಕ ಹೋಗಿದ್ದವು. ಅವನ್ನು ತರಿಸಿಕೊಂಡಿದ್ದ ಅಂಧ ಮಕ್ಕಳ ಶಾಲೆಗೆ ಅವಳು ಫೋನ್ ಮಾಡಿದಳು. ಮಕ್ಕಳೇನಾದರೂ ದೂರಿದರೇ ಎಂದು ಕೇಳಿದಳು.

“ಇಲ್ರೀ,” ಎಂದರು ಅಲ್ಲಿಯ ಟೀಚರು. “ಪಾಠ ಅಷ್ಟೇ ಇರಬೇಕಂತ ತಿಳಕೊಂಡು ಬಾಯಿಪಾಠ ಮಾಡ್ಯಾರ.”

ಶಕುಂತಲಾಳಿಗೆ ನಾಚಿಕೆಯಾಯಿತು. ಆದರೂ ಮಾತು ತಡವರಿಸಲಿಲ್ಲ. “ಐದೂ ಪುಸ್ತಕ ವಾಪಸ್ ಕಳಸ್ರಿ. ತಪ್ಪು ನಂದು. ಪೂರ್ತಿ ಅಚ್ಚುಹಾಕಿ ನಾನೇ ತಂದು, ಮಕ್ಕಳ ಮುಂದ ತಪ್ಪು ಒಪ್ಪಿಕೊಂಡು ಕೊಡ್ತೀನಿ.”

ಫೋನ್ ಇಟ್ಟು ಮೊದಲ ಪುಸ್ತಕದ ಮೊದಲ ಪಾಠ ತೆರೆದಳು.

ನೀತಿ: ಕಾಯುವುದಕ್ಕೊಂದು ಮಿತಿ ಇರಲಿ, ಆದರೆ ಗಡುವು ತೀರಿದ ಮಾತ್ರಕ್ಕೆ ಕೆಲಸ ಮುಗಿದಂತಲ್ಲ. ಅರ್ಧವನ್ನು ಪೂರ್ತಿ ಎಂದು ಕೊಟ್ಟರೆ, ನಂಬಿ ತೆಗೆದುಕೊಂಡವರಿಗೆ ಅದು ಅರ್ಧವೆಂದು ಗೊತ್ತೇ ಆಗುವುದಿಲ್ಲ.