ಹೊಲಕ್ಕೆ ಕಲ್ಲು ತಂದವರು

"ಗುರುಗಳೇ, ಈ ಸಿಟ್ಟು ನಾನು ಬಯಸಿ ತಂದುಕೊಂಡದ್ದಲ್ಲ. ನಮ್ಮಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು. ವಂಶದಿಂದ ಬಂದದ್ದಕ್ಕೆ ನಾನೇಕೆ ತಲೆ ತಗ್ಗಿಸಬೇಕು?" ಎಂದು ಶಿಷ್ಯ ಚನ್ನಮಲ್ಲ ಕೇಳಿದ. ಅಂದು ಬೆಳಿಗ್ಗೆ ಅವನು ಜೊತೆಗಾರನೊಬ್ಬನನ್ನು ಎಲ್ಲರೆದುರು ಬೈದಿದ್ದ. ಕ್ಷಮೆ ಕೇಳೆಂದರೆ ಒಪ್ಪಿರಲಿಲ್ಲ. ಆ ಜೊತೆಗಾರ ಮಠ ಬಿಟ್ಟು ಹೋಗಲು ಗಂಟು ಕಟ್ಟುತ್ತಿದ್ದ.

ಗುರುಗಳು ಹೇಳಿದರು:

ಹಿಮದ ಬೆಟ್ಟಗಳ ಕೆಳಗಿನ ಬಯಲಿನಲ್ಲಿ ಒಬ್ಬ ರೈತನಿದ್ದ. ಅವನಲ್ಲಿದ್ದುದು ಒಂದೇ ಎತ್ತು. ನೆರೆಯವನಲ್ಲಿ ಇನ್ನೊಂದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಇಬ್ಬರೂ ಮುಯ್ಯಿಯ ಮೇಲೆ ಉಳುತ್ತಿದ್ದರು.

ಪ್ರತಿ ಚಳಿಗಾಲ ಕಳೆದ ಮೇಲೆ ರೈತನ ಹೊಲದಲ್ಲಿ ಹೊಸ ಕಲ್ಲುಗಳು ಕಾಣುತ್ತಿದ್ದವು. ಆರಿಸಿ ಆರಿಸಿ ಬೇಸತ್ತು ಒಂದು ವರ್ಷ ಅವನು, "ನಿನ್ನ ಹೊಲದ ಕಲ್ಲನ್ನು ನನ್ನದಕ್ಕೆ ಎಸೆಯುತ್ತೀಯಾ?" ಎಂದು ನೆರೆಯವನ ಮೇಲೆ ಹರಿಹಾಯ್ದ. ನೆರೆಯವನು ತನ್ನ ಎತ್ತನ್ನು ನೊಗದಿಂದ ಬಿಚ್ಚಿಕೊಂಡು ಹೋದ. ಒಂಟಿ ಎತ್ತಿನಲ್ಲಿ ಉಳುವುದುಂಟೇ? ಬಿತ್ತನೆಯ ಹದ ಜಾರತೊಡಗಿತು.

ಈ ಕಲ್ಲಿನ ಬಣ್ಣ ಬಯಲಿನದಲ್ಲ, ಬೆಟ್ಟದ್ದು ಎಂದು ಯಾರೋ ಅಂದರು. ರೈತ ಹಟಮಾರಿ ನೋಡು, ಒಂದು ಕಲ್ಲನ್ನು ಹೆಗಲಿಗೇರಿಸಿ ಅದರ ಒಡೆಯನನ್ನು ಹುಡುಕುತ್ತ ಬೆಟ್ಟ ಹತ್ತಿದ. ಊರವರು ಉಳುತ್ತಿದ್ದರು, ಇವನು ಕಲ್ಲು ಹೊರುತ್ತಿದ್ದ.

ಮೇಲೆ ಸಿಕ್ಕ ಕುರಿಗಾಹಿ ಕಲ್ಲನ್ನು ತಿರುಗಿಸಿ ನೋಡಿದ. "ಇದು ಮಂಜುಗಡ್ಡೆಯ ಕೆಲಸವಪ್ಪ. ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಹಿಂದೆ ಅದು ಬೆಟ್ಟದಿಂದ ನಿಧಾನವಾದ ನದಿಯ ಹಾಗೆ ನಿಮ್ಮ ಬಯಲಿನವರೆಗೂ ಜರುಗಿ ಬಂದಿತ್ತು. ಬೆಟ್ಟವನ್ನು ಅರೆದು ಕಲ್ಲು, ಮಣ್ಣು ಎಲ್ಲ ಹೊತ್ತು ತಂದು ಅಲ್ಲಿ ಇಳಿಸಿ ಕರಗಿತು. ನಿಮ್ಮೂರ ಉದ್ದ ದಿಬ್ಬ ಅದು ಸುರಿದದ್ದು. ನಿಮ್ಮ ದನ ನೀರು ಕುಡಿಯುವ ಹೊಂಡ ಅದರದೊಂದು ತುಂಡು ನೆಲದಲ್ಲಿ ಹೂತುಹೋಗಿ ಕರಗಿದ ಗುಳಿ. ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಒಳಗಿನ ಕಲ್ಲು ಮೇಲೇಳುತ್ತದೆ" ಎಂದ.

ರೈತ ಬೆಟ್ಟ ಇಳಿದ. ಮನೆಗೆ ಹೋಗದೆ ನೇರ ನೆರೆಯವನ ಬಾಗಿಲಿಗೆ ಹೋದ. ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ.

"ಕಲ್ಲು ಯಾರದ್ದೆಂದು ತಿಳಿಯಿತೇ?" ಎಂದು ನೆರೆಯವನು ಕೇಳಿದ.

"ನನ್ನದೇ" ಎಂದ ರೈತ.

ನೆರೆಯವನು ಕೊಟ್ಟಿಗೆಗೆ ಹೋಗಿ ಎತ್ತಿನ ಹಗ್ಗ ಬಿಚ್ಚಿದ.

ಕತೆ ಮುಗಿದರೂ ಚನ್ನಮಲ್ಲನಿಗೆ ಒಪ್ಪಿಗೆಯಾಗಲಿಲ್ಲ. "ಅದು ಹೇಗೆ ಗುರುಗಳೇ? ಕಲ್ಲನ್ನು ಅವನು ತಂದಿರಲಿಲ್ಲವಲ್ಲ" ಎಂದ.

"ಮಣ್ಣನ್ನೂ ಅವನು ತಂದಿರಲಿಲ್ಲ. ಆದರೂ ಹೊಲ ನನ್ನದು ಎನ್ನುತ್ತಿದ್ದನಲ್ಲ?" ಎಂದರು ಗುರುಗಳು.